ನೂರು ವರ್ಷ ಹಿಂದೆ ಹೋದ ಕಂಪ್ಯೂಟರ್

ಕಂಪ್ಯೂಟರಿಗೇ ಬುದ್ಧಿ ಕಲಿಸಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಕಳಸದ ಹತ್ತಿರದ ಕಾಫಿ ತೋಟದಲ್ಲಿರುವ ನನ್ನ ಸೋದರತ್ತೆ!

ಮಾವ ಬದುಕಿದ್ದಾಗ, ಸುಮಾರು ಮೂವತ್ತು ವರ್ಷದ ಕೆಳಗೆ, ಒಂದು ಕಂಪ್ಯೂಟರ್ ತಂದು ಅದರಲ್ಲಿ ದಿನವೂ ತೋಟದ ಮಳೆ ಲೆಕ್ಕ ಬರೆಯತೊಡಗಿದರು. ಅವರು ಹೋದ ಮೇಲೆ ಅತ್ತೆ ಮುಂದುವರಿಸಿದರು. ಒಂದು ದಿನವೂ ತಪ್ಪಿಲ್ಲ, ತಪ್ಪಬಾರದೆಂಬುದೇ ಅವರ ಹಟ. ಮಳೆಗಾಲದಲ್ಲಿ ಎಷ್ಟು ಇಂಚು, ಇಂಚಿನ ನೂರನೇ ಭಾಗವಾದ ಸೆಂಟು ಎಷ್ಟು ಎಂದು ಬರೆಯುವುದು ಸರಿ. ಸುಡುಬಿಸಿಲಿನಲ್ಲೂ ಮಳೆ ಅಳೆಯುವ ಡಬ್ಬಿಯೊಳಗೆ ಇಣುಕಿ, ಗಂಭೀರವಾಗಿ ಸೊನ್ನೆ ಬರೆಯುವವರನ್ನು ಏನೆನ್ನೋಣ? ನನ್ನ ಮದುವೆಯಲ್ಲಿ ಧಾರೆಗೆ ಇರಬೇಕಾದವರು ಸೊನ್ನೆ ಬರೆದು ಮುಗಿಸಿ ಊಟದ ಹೊತ್ತಿಗೆ ಬಂದರು.

ಈ ಜನವರಿ ಒಂದರ ಬೆಳಿಗ್ಗೆ ಅವರ ಫೋನ್ ಬಂತು.

"ಇದು ನೂರು ವರ್ಷ ಹಿಂದಿನ ತಾರೀಖು ತೋರಿಸ್ತಿದೆ ಮಾರಾಯ. ಮಳೆ ಲೆಕ್ಕ ತೆಗೆಯಕ್ಕೇ ಬಿಡ್ತಿಲ್ಲ. ಇದರ ಪ್ರಕಾರ ನಾನಿನ್ನೂ ಹುಟ್ಟೇ ಇಲ್ಲ."

ಕಳಸ ಪೇಟೆಯ ರಿಪೇರಿಯವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದೆ.

"ಇದರಲ್ಲಿ ಇಸವಿಗೆ ಎರಡೇ ಅಂಕಿ ಜಾಗ ಅಮ್ಮ," ಎಂದನಾತ. "ಎರಡು ಸಾವಿರ ಇಸವಿ ದಾಟಲಿ ಅಂತ ಆಗ ಹಾಕಿದ್ದ ತೇಪೆ ನಿನ್ನೆಗೆ ಮುಗೀತು. ಇವತ್ತಿಂದ ಮುಂದಿನದ್ದೆಲ್ಲ ಇದಕ್ಕೆ ಹೋದ ಶತಮಾನ. ಎಸೆದು ಹೊಸದು ತಗೊಳ್ಳಿ."

"ನಮ್ಮ ಸಂವತ್ಸರನೂ ಅರವತ್ತೇ ಅಲ್ವೇನಪ್ಪ? ಅಕ್ಷಯ ಮುಗಿದ್ರೆ ಮತ್ತೆ ಪ್ರಭವ. ಅದಕ್ಕೇ ಅಂತ ಯುಗಾದಿ ಮಾಡೋದು ಬಿಟ್ಟಿದ್ದೀವಾ?"

ಅತ್ತೆ ಅಟ್ಟ ಹತ್ತಿದರು. ಜೀವನದಲ್ಲಿ ಒಂದು ಕ್ಯಾಲೆಂಡರನ್ನೂ ಎಸೆಯದ ಹೆಂಗಸು! ಎಲ್ಲವನ್ನೂ ನೆಲದ ಮೇಲೆ ಹರಡಿ, ವಾರ, ತಾರೀಖು ಕೂಡುವ ಹಳೇ ವರ್ಷ ಯಾವುದೆಂದು ಈ ವರ್ಷದ್ದರ ಜೊತೆ ಹೋಲಿಸಿದರು. ಕೆಲವು ಈ ವರ್ಷಕ್ಕೆ ಕೂಡಿದರೂ ಮುಂದೆ ಫೆಬ್ರವರಿ ಇಪ್ಪತ್ತೊಂಬತ್ತರ ಲೆಕ್ಕದಲ್ಲಿ ತಪ್ಪುತ್ತಿದ್ದವು. ಇಪ್ಪತ್ತೆಂಟು ವರ್ಷ ಹಿಂದಿನದು ಮಾತ್ರ ವಾರ, ತಾರೀಖು ಸಮೇತ ಮುಂದಕ್ಕೂ ತಾಳೆಯಾಯಿತು.

"ಇದೇ ಈ ವರ್ಷ ಅಂತ ಅದಕ್ಕೆ ಹೇಳಪ್ಪ."

ಆತ ನಗುತ್ತ ಹಾಗೇ ಮಾಡಿದ. ಮಳೆ ಲೆಕ್ಕ ತೆರೆದುಕೊಂಡಿತು!

"ಅಮ್ಮ, ನಾಳೆಯಿಂದ ಅಂಗಡೀಲಿ ನೀವೇ ಕೂತ್ಕೊಳ್ಳಿ," ಎಂದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಕುರ್ಚಿ ಎಳೆದುಕೊಂಡರು.

ಪರದೆಯ ಮೇಲೆ ಇಪ್ಪತ್ತೆಂಟು ವರ್ಷ ಹಿಂದಿನ ಇದೇ ದಿನದ ಸಾಲು ಬಂದಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಮಾವ ಕುಟ್ಟಿದ ಕನ್ನಡ. ಮಳೆ: ಸೊನ್ನೆ. ಷರಾ: ಇವಳಿಗೆ ಇವತ್ತು ಜ್ವರ ಬಿಟ್ಟಿತು.

ಅತ್ತೆ ಅದನ್ನು ಎರಡು ಸಲ ಓದಿದರು. ಅವರು ಕನ್ನಡಕ ಒರೆಸಿಕೊಂಡು ಆ ಸಾಲಿನ ಕೆಳಗೆ ಇವತ್ತಿನ ಸೊನ್ನೆ ಬರೆದರು. ಆಮೇಲೆ ಷರಾದ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದರು: ಈಗ ಪೂರ್ತಿ ಹುಷಾರಾಗಿದೀನಿ. ನೀವು ತಲೆಬಿಸಿ ಮಾಡ್ಕೋಬೇಡಿ.