ಮೂರನೇ ಬೀರು, ಕೆಳಗಿನ ಖಾನೆ

ಅಡಿಟಿಪ್ಪಣಿಯ ಪಿಎಚ್‌ಡಿ ಪ್ರಬಂಧ ಕೊನೆಗೂ ಮುಗಿದಿತ್ತು. ಅಲ್ಲೇ ಶುರುವಾಯಿತು ನೋಡಿ ತೊಂದರೆ.

ಅಡಿಟಿಪ್ಪಣಿ ಎಂದರೆ ಕಾಲೇಜಿನ ಒಬ್ಬ ಹಂಗಾಮಿ ಉಪನ್ಯಾಸಕ. "ಊಟ ಆಯ್ತಾ?" ಎಂದು ಕೇಳಿದರೂ ಆಧಾರ ಸಮೇತ ಉತ್ತರಿಸುತ್ತಿದ್ದನೆಂದು ಸಹೋದ್ಯೋಗಿಗಳು ಪ್ರೀತಿಯಿಂದ ಇಟ್ಟ ಹೆಸರು ಅದು. ವಿಶ್ವವಿದ್ಯಾಲಯದವರು ಗಡುವನ್ನು ವಿಸ್ತರಿಸಿ ವಿಸ್ತರಿಸಿ ಬೇಸತ್ತು, ಇವತ್ತು ಸಂಜೆ ಐದರೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿಯೇ ರದ್ದು ಎಂದಿದ್ದರು. ನೋಂದಣಿ ಹೋದರೆ ಕೆಲಸ ಕಾಯಂ ಆಗುವ ಆಸೆಯೂ ಹೋದಂತೆಯೇ. ಸಾಲದ್ದಕ್ಕೆ ಮಾವನವರು, ಅಳಿಯನ ಮೇಲೆ ಯಾರಿಗೂ ಇಲ್ಲದ ನಂಬಿಕೆಯಿಟ್ಟು, ಹೆಸರಿಗೆ ಮುಂಚೆ 'ಡಾ.' ಕೆತ್ತಿಸಿದ ಹಿತ್ತಾಳೆ ಫಲಕವನ್ನು ಬಾಗಿಲಿಗೆ ಹೊಡೆಸಿಬಿಟ್ಟಿದ್ದರು.

ಬೆಳಿಗ್ಗೆ ಸಹಿಗೆಂದು ಹೋದಾಗ ಗೈಡ್ ಪ್ರಬಂಧವನ್ನು ಹಿಂದಿನಿಂದ ತೆರೆದರು. ಅವರು ಯಾವ ಪ್ರಬಂಧವನ್ನೂ ಹಿಂದಿನಿಂದಲೇ ಓದುವವರು. ಮೊದಲ ಪುಟದವರೆಗೆ ತಲುಪಿದ್ದನ್ನು ಕಂಡವರಿಲ್ಲ.

"ಏನಪ್ಪಾ ಇದು ಆಕರಗಳ ಪಟ್ಟಿ? ಲೇಖಕ, ಪುಸ್ತಕ, ವರ್ಷ... ಯಾರು ಬೇಕಾದ್ರೂ ಹೀಗೆ ಬರೀತಾರೆ."

"ಎಲ್ಲರೂ ಹೀಗೇ ಬರೆಯೋದು ಸಾರ್."

"ಅದೇ ತಪ್ಪು! ನಿನ್ನ ವಿಷಯ ಏನು? ನಮ್ಮ ಹಳೇ ಗ್ರಂಥಾಲಯದ ಚರಿತ್ರೆ. ಅಲ್ಲಿನ ಮೊದಲ ಕೆಟಲಾಗ್ ಹೇಗಿದೆಯೋ ನಿನ್ನ ಪಟ್ಟಿನೂ ಹಾಗೇ ಇರಬೇಕು. ಒಂದಕ್ಷರ ಆಚೀಚೆ ಆಗಬಾರದು. ಸರಿ ಮಾಡ್ಕೊಂಡು ಬಾ. ಸಹಿ ಆಮೇಲೆ."

ಆ ಕೆಟಲಾಗ್ ಬರೆದ ಪುಣ್ಯಾತ್ಮ ನೂರು ವರ್ಷದ ಹಿಂದಿನವನು, ಗ್ರಂಥಪಾಲನಾಗುವ ಮೊದಲು ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಸಾಮಾನು ಎಲ್ಲಿದೆ ಎಂಬುದೇ ಅವನಿಗೆ ಮುಖ್ಯ. ಹಾಗಾಗಿ ಮೊದಲು ಬೀರು, ಆಮೇಲೆ ಖಾನೆ, ರಟ್ಟಿನ ಬಣ್ಣ, ದಾನ ಕೊಟ್ಟವರು, ವಿಭಾಗ, ಪುಸ್ತಕದ ಹೆಸರು. ಬರೆದವನು ಕಟ್ಟಕಡೆಗೆ, ಅದೂ ಜಾಗ ಉಳಿದರೆ. ಕೊನೆಯಲ್ಲೊಂದು ಷರಾ: 'ಇಲಿ ಕಡಿದಿದೆ' ಎಂದೋ, 'ದಾನಿ ವಾಪಸ್ ಕೇಳುತ್ತಿದ್ದಾರೆ' ಎಂದೋ.

ಆಕರಗಳನ್ನು ತಾನಾಗಿ ಜೋಡಿಸಿಕೊಡುವ ತಂತ್ರಾಂಶವೊಂದು ಅಡಿಟಿಪ್ಪಣಿಯ ಲ್ಯಾಪ್‌ಟಾಪಿನಲ್ಲಿತ್ತು. ಅದರಲ್ಲಿ ಲೋಕದ ಶೈಲಿಗಳೆಲ್ಲ ಇದ್ದವು. ಬೀರುವಿನಿಂದ ಶುರುವಾಗುವ ಶೈಲಿ ಮಾತ್ರ ಯಾವ ದೇಶದ ಬುದ್ಧಿವಂತನಿಗೂ ಹೊಳೆದಿರಲಿಲ್ಲ. ಅದನ್ನು ಇವನೇ ಹೊಸದಾಗಿ ಹೊಲಿಯಬೇಕಿತ್ತು. ಲ್ಯಾಪ್‌ಟಾಪ್ ಅವುಚಿಕೊಂಡು ಗ್ರಂಥಾಲಯಕ್ಕೆ ಓಡಿದ.

"ಒಳ್ಳೇ ಸಮಯಕ್ಕೆ ಬಂದ್ರಿ!" ಗ್ರಂಥಪಾಲಕಿ ಎದ್ದೇ ನಿಂತರು. "ಕೆಟಲಾಗ್ ಪೂರ್ತಿ ಇಂಟರ್ನೆಟ್ಟಿಗೆ ಏರಿಸಿದ್ದೀವಿ. ಈಗ ಇಡೀ ಪ್ರಪಂಚ ನೋಡಬಹುದು."

"ಯಾರು ನೋಡಿದ್ರು ಮೇಡಂ?"

"ಇನ್ನೂ ಯಾರೂ ಇಲ್ಲ. ನೀವೇ ಮೊದಲು."

ಕೂತ ಕೂಡಲೇ ಪಕ್ಕದ ಕುರ್ಚಿಯಿಂದ ನಿವೃತ್ತ ಲೆಕ್ಕದ ಮೇಷ್ಟರು ಜರುಗಿ ಬಂದರು. ಫ್ಯಾನಿನ ಗಾಳಿಗಾಗಿ ದಿನವೂ ಗ್ರಂಥಾಲಯಕ್ಕೆ ಬರುವ ಇವರಿಗೆ ಕೇಳದೆ ಸಲಹೆ ಕೊಡುವುದೊಂದೇ ಚಟ.

"ಷರಾನ ಮೇಲಕ್ಕೆ ತಳ್ಳಪ್ಪ, ಲೇಖಕನ್ನ ಕೆಳಕ್ಕೆ ಎಳಿ. ಅಷ್ಟೇ. ಬಿಡು, ನಾನೇ ಮಾಡ್ತೀನಿ."

ಅಯ್ಯೋ ಬೇಡ ಎನ್ನುವುದರೊಳಗೆ ಬೆರಳು ಒತ್ತಿಯಾಗಿತ್ತು. ತಂತ್ರಾಂಶ ಲೇಖಕನ ಜಾಗದಲ್ಲಿ ಷರಾವನ್ನು ಕೂರಿಸಿತು. ಪ್ರಬಂಧದ ತುಂಬ 'ಇಲಿ ಕಡಿದಿದೆ ಅವರ ಅಭಿಪ್ರಾಯದಂತೆ' ಎಂದೂ, 'ಈ ವಾದವನ್ನು ದಾನಿ ವಾಪಸ್ ಕೇಳುತ್ತಿದ್ದಾರೆ ಅವರು ಒಪ್ಪುವುದಿಲ್ಲ' ಎಂದೂ ಬಂತು.

"ಈಗ ಓದೋಕೆ ಚೆನ್ನಾಗಿದೆ," ಎಂದು ಮೇಷ್ಟರು ಮತ್ತೆ ಫ್ಯಾನಿನ ಕೆಳಗೆ ಹೋದರು.

ಇಲಿಯನ್ನು ಓಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಹೆಂಡತಿಯ ಫೋನು ಬಂತು. "ಕೊಟ್ರಾ?"

"ಇನ್ನೊಂದೇ ಒಂದು ಅಲ್ಪವಿರಾಮ ಕಣೇ."

"ನಿಮ್ಮ ಜನ್ಮ ಎಲ್ಲಾ ಅಲ್ಪವಿರಾಮನೇ ಆಯ್ತು. ಇಲ್ಲಿ ಅಪ್ಪ ಫಲಕ ಉಜ್ಜುತ್ತಾ ಕೂತಿದ್ದಾರೆ."

ಹಳೆಯ ಕೆಟಲಾಗಿನಲ್ಲಿ ಅಡುಗೆ ಪುಸ್ತಕ 'ಯುದ್ಧ' ವಿಭಾಗದಲ್ಲಿತ್ತು, ಜೇನು ಸಾಕಣೆ 'ಸಂಸಾರ' ವಿಭಾಗದಲ್ಲಿ. ಅಡಿಟಿಪ್ಪಣಿ ತನ್ನ ಪಟ್ಟಿಯಲ್ಲಿ ಅವನ್ನೆಲ್ಲ ಸರಿಪಡಿಸುತ್ತಿದ್ದಾಗ ಗ್ರಂಥಪಾಲಕಿ ಹಿಂದಿನಿಂದ ಇಣುಕಿ ಹೌಹಾರಿದರು.

"ರೀ, ಏನ್ ಮಾಡ್ತಿದ್ದೀರಿ? ಆ ತಪ್ಪುಗಳಿಗೆ ನೂರು ವರ್ಷ ಆಗಿದೆ! ನೀವು ಯಾರು ಅದನ್ನ ತಿದ್ದೋಕೆ?"

ಒಂದಕ್ಷರ ಆಚೀಚೆ ಆಗಬಾರದು ಎಂಬ ಗೈಡ್ ಮಾತು ನೆನಪಾಗಿ, ಪಾಪ, ತಿದ್ದಿದ ತಪ್ಪುಗಳನ್ನೆಲ್ಲ ಹುಡುಕಿ ಹುಡುಕಿ ಮತ್ತೆ ತಪ್ಪು ಮಾಡಿದ. ಅದೂ ಒಂದು ಸಂಶೋಧನೆಯೇ. ಬೀರು, ಖಾನೆ, ರಟ್ಟು, ಷರಾ ಎಲ್ಲ ಸೇರಿ ಕೊನೆಗೆ ಆಕರಗಳ ಪಟ್ಟಿ ಪ್ರಬಂಧಕ್ಕಿಂತ ದಪ್ಪಗಾಯಿತು.

ಮುದ್ರಿಸಿಕೊಂಡು ಓಡಿ ಬಂದಾಗ ಗೈಡ್ ಅದನ್ನು ಹಿಂದಿನಿಂದ ತೆರೆದು, "'ಮೂರನೇ ಬೀರು, ಕೆಳಗಿನ ಖಾನೆ, ಕೆಂಪು ರಟ್ಟು...' ಆಹಾ! ಇದಪ್ಪಾ ಪಾಂಡಿತ್ಯ ಅಂದ್ರೆ!" ಎಂದು ಸಹಿ ಹಾಕಿದರು. ಅಷ್ಟಕ್ಕೇ ಬಿಡದೆ, ಇಂಥ ಪ್ರಬಂಧ ಕೊಡುವಾಗ ತಾವೂ ಇರಬೇಕೆಂದು ಜೊತೆಗೇ ಹೊರಟರು. ಅಡಿಟಿಪ್ಪಣಿಗೆ ಕಣ್ಣು ತುಂಬಿ ಬಂತು. ಎಷ್ಟೋ ವರ್ಷದ ಮೇಲೆ ಮನೆಗೆ ತಲೆಯೆತ್ತಿ ಹೋಗಬಹುದು ಅನ್ನಿಸಿತು.

ಪರೀಕ್ಷಾ ವಿಭಾಗದ ಗುಮಾಸ್ತ ನಕಲು ಹಿಡಿಯುವ ತಂತ್ರಾಂಶಕ್ಕೆ ಪ್ರಬಂಧ ಉಣಿಸಿ, ಸ್ವಲ್ಪ ಹೊತ್ತು ಪರದೆ ನೋಡಿ, ಕನ್ನಡಕ ತೆಗೆದ.

"ಸಾರ್, ಅರ್ಧಕ್ಕಿಂತ ಜಾಸ್ತಿ ನಕಲು."

"ಏನ್ರೀ? ಅದು ಆಕರಗಳ ಪಟ್ಟಿ!" ಎಂದ ಅಡಿಟಿಪ್ಪಣಿ.

"ಆಕರಗಳನ್ನ ಇದು ಬಿಟ್ಟುಬಿಡುತ್ತೆ ಸಾರ್. ಲೇಖಕರ ಹೆಸರಿಂದ ಶುರುವಾದ್ರೆ ಅದಕ್ಕೆ ಗೊತ್ತಾಗುತ್ತೆ. ನಿಮ್ಮದು ಬೀರುವಿನಿಂದ ಶುರುವಾಗಿದೆ. ಇಂಟರ್ನೆಟ್ಟಲ್ಲಿರೋ ಯಾವುದೋ ಕೆಟಲಾಗಿಂದ ಹಾಗ್ಹಾಗೇ ಎತ್ತಿದ್ದೀರಿ. ತಪ್ಪುಗಳೂ ಅವೇ ಇವೆ. ಪರೀಕ್ಷೇಲಿ ಹುಡುಗರನ್ನ ನಾವು ಹಿಡಿಯೋದೂ ಹೀಗೇ."

ಅಡಿಟಿಪ್ಪಣಿ ಗೈಡ್ ಮುಖ ನೋಡಿದ. ಗೈಡ್ ಅವನತ್ತ ತಿರುಗಿ, "ನೋಡಿ ಬರಿ ಅಂದ್ರೆ ನೋಡ್ಕೊಂಡೇ ಬರೆಯೋದೇನಪ್ಪಾ?" ಎಂದು ನೊಂದುಕೊಂಡರು.

ಗುಮಾಸ್ತನಿಗೆ ಕನಿಕರ ಬಂತು. "ಒಂದು ದಾರಿ ಇದೆ. ಈ ನಕಲು ವರದಿ ಮೇಲೆ 'ಇದು ನನ್ನ ಸೂಚನೆಯಂತೆ' ಅಂತ ಗೈಡ್ ಸಹಿ ಹಾಕಿದ್ರೆ ಪ್ರಬಂಧ ತಗೋತೀನಿ. ಐದು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ."

ಅಡಿಟಿಪ್ಪಣಿ ವರದಿಯನ್ನೂ ಪೆನ್ನನ್ನೂ ಗೈಡ್ ಕೈಗಿಟ್ಟ. ಜೇಬಿನಲ್ಲಿ ಹೆಂಡತಿಯ ಫೋನು ಬಡಿದುಕೊಳ್ಳತೊಡಗಿತು. ಗೈಡ್ ಪೆನ್ನಿನ ಮುಚ್ಚಳ ತೆಗೆದರು. ರೂಢಿಯಂತೆ ವರದಿಯನ್ನು ಹಿಂದಿನಿಂದ ತೆರೆದರು. ಯಾವ ಸಾಲು ಎಲ್ಲಿಂದ ಕದ್ದದ್ದು ಎಂಬ ಪಟ್ಟಿ ಅಲ್ಲಿತ್ತು. ನೋಡುತ್ತಾ ನೋಡುತ್ತಾ ಅವರ ಹುಬ್ಬು ಗಂಟಿಕ್ಕಿತು. ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದರು.

"ಏನಪ್ಪಾ ಇದು? ಲೇಖಕ, ಪುಸ್ತಕ, ವರ್ಷ... ಬೀರು ಎಲ್ಲಿ? ಸರಿ ಮಾಡ್ಕೊಂಡು ಬಾ. ಸಹಿ ಆಮೇಲೆ."