ಗಂಡನನ್ನು ಕೊಟ್ಟುಬಿಡಲು ಹೊರಟ ನರೆಲ್

ನಗಬಾರದು, ನಗಿಸಬಾರದು, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಬಾಯಿ ಮುಚ್ಚಿಕೊಳ್ಳಬೇಕು. ಬ್ಯಾಂಕಾಕಿನ ಹೋಟೆಲ್ ಕೋಣೆಯಲ್ಲಿ ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತ ನರೆಲ್ ಹೊರಡಿಸಿದ ರಾಜಾಜ್ಞೆ ಇದು.

"ಮೂರು ವರ್ಷ ಕಾದಿದ್ದೀವಿ ಬ್ರೆಂಡನ್. ಇವತ್ತು ಆ ದತ್ತು ಮಂಡಳಿಯೋರು ಹೂಂ ಅಂದ್ರೆ ಮಗು ನಮ್ದು. ನಿನ್ನ ಒಂದು ಜೋಕಿಂದ ಎಲ್ಲಾ ಹಾಳಾಯ್ತು ಅಂದ್ರೆ ನಿನ್ನನ್ನ ಇಲ್ಲೇ ಬಿಟ್ಟು ಹೋಗ್ತೀನಿ."

"ಬಿಟ್ಟು ಹೋಗು. ಇಲ್ಲಿ ಊಟ ಚೆನ್ನಾಗಿದೆ."

"ನೋಡು, ಇದನ್ನೇ ಬೇಡ ಅಂದಿದ್ದು."

ಬ್ರೆಂಡನ್ ತುಟಿಗೆ ಬೀಗ ಹಾಕಿ ಕೀಲಿಕೈಯನ್ನು ಕಿಟಕಿಯಾಚೆ ಎಸೆದಂತೆ ಅಭಿನಯಿಸಿದ. (ಅದೂ ಜೋಕೇ. ಆದರೆ ಸದ್ದಿಲ್ಲದ್ದಾದ್ದರಿಂದ ನರೆಲ್ ಬಿಟ್ಟುಬಿಟ್ಟಳು.)

ಅವನದೂ ತಪ್ಪಿಲ್ಲ. ಅವರು ಬಂದದ್ದು ಆಸ್ಟ್ರೇಲಿಯಾದ ಬೆಂಡಿಗೋ ಊರಿಂದ. ಅಲ್ಲಿ ಪ್ರೀತಿ ಹೆಚ್ಚಾದಷ್ಟೂ ಬೈಗುಳ ಹೆಚ್ಚು. ಗೆಳೆಯ ಕಷ್ಟಪಟ್ಟು ವರಾಂಡ ಕಟ್ಟಿದರೆ "ಪರವಾಗಿಲ್ಲ, ಬೀಳೋಕೆ ಇನ್ನೂ ಟೈಮಿದೆ" ಎನ್ನುವುದೇ ದೊಡ್ಡ ಸನ್ಮಾನ. ಯಾರಾದರೂ ಎದುರಿಗೇ ನಿಂತು ನಿಜವಾಗಿ ಹೊಗಳಿದರೆ, ನಿಮಗೆ ವಾಸಿಯಾಗದ ಕಾಯಿಲೆ ಬಂದಿದೆ, ಇಲ್ಲವೇ ಅವರಿಗೆ ನಿಮ್ಮ ಕಾರಿನ ಟ್ರೇಲರ್ ಎರವಲು ಬೇಕಾಗಿದೆ ಎಂದು ಅರ್ಥ. ನರೆಲ್ ಮತ್ತು ಬ್ರೆಂಡನ್ ಮದುವೆಯಾದಾಗಿನಿಂದ ಒಬ್ಬರನ್ನೊಬ್ಬರು ಒಮ್ಮೆಯೂ ಹೊಗಳದೆ ಸುಖವಾಗಿ ಸಂಸಾರ ಮಾಡಿಕೊಂಡಿದ್ದರು.

ಬ್ರೆಂಡನ್ ಕಾರು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು ಬ್ರೇಕ್ ಒತ್ತಿ ಒತ್ತಿ, ಆತಂಕವಾದಾಗಲೆಲ್ಲ ಅವನ ಬಲಗಾಲು ಇಲ್ಲದ ಬ್ರೇಕನ್ನೂ ಒತ್ತುತ್ತಿತ್ತು. ಬ್ಯಾಂಕಾಕಿನ ಟುಕ್‌ಟುಕ್‌ನಲ್ಲಿ ಅವನು ಕಾಲು ಒತ್ತಿದ ರಭಸಕ್ಕೆ ಚಾಲಕ ಗಾಡಿ ನಿಲ್ಲಿಸಿ ತಳ ಪರೀಕ್ಷೆ ಮಾಡಿದ್ದ. ನರೆಲ್ ಪದ್ಧತಿ ಬೇರೆ. ದತ್ತು ತೆಗೆದುಕೊಳ್ಳುವವರ ತರಗತಿಯಲ್ಲಿ, ಗಾಬರಿಯಾದಾಗ ದೀರ್ಘವಾಗಿ ಉಸಿರಾಡಿ ಎಂದು ಹೇಳಿಕೊಟ್ಟಿದ್ದರು. ಅವಳು ಅದನ್ನು ಎಷ್ಟು ನಿಷ್ಠೆಯಿಂದ ಮಾಡಿದಳೆಂದರೆ, ವಿಮಾನದಲ್ಲಿ ಪಕ್ಕದವರು ಡಾಕ್ಟರನ್ನು ಕರೆಸಲೇ ಎಂದು ವಿಚಾರಿಸಿದ್ದರು.

ನಿಜವಾದ ಸಂಕಟ ಬೇರೆಯೇ ಇತ್ತು. ನಾಲ್ಕು ವರ್ಷದ ನಾಮ್‌ವಾನ್‌ಳನ್ನು ಅವರು ಹಿಂದಿನ ದಿನವಷ್ಟೇ ಮೊದಲ ಸಲ ಕಂಡಿದ್ದರು. ಅವಳನ್ನು ಹುಟ್ಟಿದಾಗಿನಿಂದ ಮಂಡಳಿಯ ಪರವಾಗಿ ಸಾಕಿದ ಸಮ್ಲೀ ದೊಡ್ಡಮ್ಮನ ಬೆನ್ನ ಹಿಂದೆ ಮಗು ಅಂಟಿ ಕೂತಿತ್ತು. ಕೊಟ್ಟ ಬೊಂಬೆಯನ್ನು ಕೈಮುಗಿದು ತೆಗೆದುಕೊಂಡು, ಅಷ್ಟೇ ಮರ್ಯಾದೆಯಿಂದ ವಾಪಸ್ ಇಟ್ಟಿತು. ಬ್ರೆಂಡನ್‌ಗೆ ಅರ್ಧ ನೋಟ ಸಿಕ್ಕಿತು, ನರೆಲ್‌ಗೆ ಅದೂ ಇಲ್ಲ. ಈ ಮಗುವಿಗೆ ನಾನು ಬೇಡವಾದರೆ ಏನು ಗತಿ ಎಂದು ಅವಳಿಗೆ ಚಿಂತೆ ಹತ್ತಿತ್ತು. ಗಂಡನಿಗೆ ಹೇಳಿರಲಿಲ್ಲ. ಹೇಳಿದರೆ ಜೋಕು ಮಾಡುತ್ತಿದ್ದ, ಅವಳು ಅತ್ತುಬಿಡುತ್ತಿದ್ದಳು.

ಕಚೇರಿಯಲ್ಲಿ ಅವರೆದುರು ಕೂತ ಮಂಡಳಿಯ ಅಧ್ಯಕ್ಷೆ ಬೆಳ್ಳಿಗೂದಲಿನ, ಮೆಲುದನಿಯ ಹೆಂಗಸು. ಥಾಯ್ ಮಾತನ್ನು ಇಂಗ್ಲಿಷಿಗೂ ಇಂಗ್ಲಿಷನ್ನು ಥಾಯ್‌ಗೂ ದಾಟಿಸಲು ವಿಪಾ ಎಂಬ ಹುಡುಗಿ ಇದ್ದಳು. ಪ್ರಶ್ನೆಗಳು ಬಂದವು. ಬ್ರೆಂಡನ್ ರಾಜಾಜ್ಞೆಯನ್ನು ಶಿರಸಾವಹಿಸಿ, ಸಾವಿನ ಮನೆಗೆ ಬಂದವನ ಮುಖ ಹೊತ್ತು "ಹೌದು ಮೇಡಂ", "ಇಲ್ಲ ಮೇಡಂ" ಎನ್ನುತ್ತಿದ್ದ. ಅಧ್ಯಕ್ಷೆ ವಿಪಾಳ ಕಡೆ ಬಾಗಿ ಏನೋ ಕೇಳಿದರು.

"ಇವರಿಗೆ ಮೈ ಹುಷಾರಿಲ್ವಾ ಅಂತ ಕೇಳ್ತಿದ್ದಾರೆ ಅಕ್ಕಾ," ಎಂದಳು ವಿಪಾ.

ನರೆಲ್ ಬೆವರಿದಳು. ಆಗಲೇ ಅವಳಿಗೂ ಪ್ರಶ್ನೆ ಬಂತು: ನಿಮ್ಮ ಯಜಮಾನರು ಎಂಥ ತಂದೆಯಾಗುತ್ತಾರೆ?

ಉತ್ತರ ಬಾಯಿಪಾಠವಾಗಿತ್ತು. ತಾಳ್ಮೆ, ವಾತ್ಸಲ್ಯ, ಜವಾಬ್ದಾರಿ ಎಂದೇನೇನೋ ಭಾರವಾದ ಪದಗಳು. ಬಾಯಿ ತೆರೆದಾಗ ಒಂದೂ ಇರಲಿಲ್ಲ, ಬೆಂಡಿಗೋ ಮಾತ್ರ ಇತ್ತು.

"ಇವನಾ? ಕೆಲಸಕ್ಕೆ ಬಾರದ ಆಸಾಮಿ. ಯಾರಿಗಾದ್ರೂ ಕೊಟ್ಬಿಡೋಣ ಅಂತ ಮದುವೆಯಾದಾಗಿಂದ ನೋಡ್ತಿದ್ದೀನಿ, ತಗೊಳ್ಳೋರೇ ಸಿಕ್ಕಿಲ್ಲ."

ಮಗುವನ್ನು ನಂಬಿ ಕೊಡಬೇಕಾದ ಮಂಡಳಿಯ ಮುಂದೆ, ಮನೆಯಲ್ಲಿರುವವನನ್ನೇ ಕೊಟ್ಟುಬಿಡುತ್ತೇನೆ ಎಂದವಳು ಭೂಮಂಡಲದಲ್ಲಿ ಇವಳೊಬ್ಬಳೇ ಇರಬೇಕು.

"ಹಾಗೇ ಹೇಳ್ಲಾ ಅಕ್ಕಾ?" ವಿಪಾ ಪಿಸುಗುಟ್ಟಿದಳು. ಅಧ್ಯಕ್ಷೆ ಕಾಯುತ್ತಿದ್ದರು, ವಿಪಾ ಪ್ರಾಮಾಣಿಕಳು. ಹಾಗೇ ಹೇಳಿದಳು. ಅಧ್ಯಕ್ಷೆ ಬ್ರೆಂಡನ್‌ನತ್ತ ತಿರುಗಿ, ಇದು ನಿಜವೇ ಎಂದು ಕೇಳಿದರು. ಜೋಕಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ. ಅವನು ಹೆಂಡತಿಯ ಮುಖ ನೋಡಿ, ಮೇಜಿನಡಿ ಬ್ರೇಕನ್ನು ಬಲವಾಗಿ ಒತ್ತಿ, "ನಿಜ ಮೇಡಂ" ಎಂದ.

ನರೆಲ್‌ಗೆ ಅಳು ಒತ್ತರಿಸಿ ಬಂತು. "ಸುಳ್ಳು ಮೇಡಂ. ನಮ್ಮೂರಲ್ಲಿ ಬಿಟ್ಟಿರೋಕಾಗದವರಿಗೆ ಮಾತ್ರ ಹೀಗನ್ನೋದು. ಇವನಷ್ಟು ಒಳ್ಳೆಯವನನ್ನ ನಾನು ನೋಡಿಲ್ಲ. ಕಾರು ಕಲಿಯೋಕೆ ಹೆದರೋ ಮುದುಕಿಯರೆಲ್ಲ ಇವನನ್ನೇ ಬೇಕು ಅಂತಾರೆ. ಯಾರ ಮೇಲೂ ಒಂದು ದಿನ ಕೂಗಿದೋನಲ್ಲ. ಮಗು ಇಲ್ಲ ಅಂತ ನಾನು ಹಾಸಿಗೆ ಹಿಡಿದಾಗ ದಿನಾ ಪಕ್ಕದಲ್ಲಿ ಕೂತು ಕೆಟ್ಟ ಕೆಟ್ಟ ಜೋಕ್ ಹೇಳ್ದ. ನಾನು ಬದುಕಿದ್ದೇ ಅದರಿಂದ."

ಬ್ರೆಂಡನ್ ಕಿವಿ ಕೆಂಪಾಯಿತು. "ಸಾಕು ಕಣೇ," ಎಂದ ಮೆಲ್ಲಗೆ. "ನಮ್ಮೂರಲ್ಲಿ ಇಷ್ಟು ಹೊಗಳೋದು ಸತ್ತ ಮೇಲೆ."

ವಿಪಾ ಅದನ್ನೂ ದಾಟಿಸಿಬಿಟ್ಟಳು. ಅಧ್ಯಕ್ಷೆಯ ತುಟಿಯಂಚು ಸ್ವಲ್ಪ ಅಲುಗಿತು, ಮತ್ತೆ ಗಂಭೀರವಾಯಿತು. "ಈ ಮಗುವನ್ನ ಒಂದು ಸಲ ಒಬ್ಬರು ಬಿಟ್ಟು ಹೋಗಿದ್ದಾರೆ. ಕೊಟ್ಬಿಡ್ತೀನಿ ಅನ್ನೋ ಮಾತು ಅವಳಿಗೆ ತಮಾಷೆ ಆಗಲ್ಲ ಕಣಮ್ಮ."

"ಅವಳ ಮುಂದೆ ಆ ಮಾತು ಯಾವತ್ತೂ ಆಡಲ್ಲ," ಎಂದಳು ನರೆಲ್. ಅಷ್ಟು ನೆಟ್ಟಗೆ ಅವಳು ಯಾವ ಮಾತನ್ನೂ ಆಡಿರಲಿಲ್ಲ.

ಅಧ್ಯಕ್ಷೆ ತಲೆದೂಗಿದರು. "ನಮ್ಮಲ್ಲೂ ಹಿರಿಯರು ಮುದ್ದಾದ ಕೂಸನ್ನ ಕಂಡ್ರೆ, ಥೂ ಎಷ್ಟು ಕುರೂಪಿ ಅಂತಾರೆ. ಚೆನ್ನಾಗಿದೆ ಅಂದ್ರೆ ದೆವ್ವ ಬಂದು ಎತ್ಕೊಂಡು ಹೋಗುತ್ತೆ ಅಂತ. ನಿಮ್ಮೂರ ದೆವ್ವ ಗಂಡಸರನ್ನೂ ಎತ್ಕೊಂಡು ಹೋಗುತ್ತೋ ಏನೋ." ಮಂಡಳಿ ಒಪ್ಪಿತು.

ಸಂಜೆ ಸಮ್ಲೀ ದೊಡ್ಡಮ್ಮ ಹೋಟೆಲಿಗೆ ಬಂದು ಮಗುವನ್ನೂ ಅದರ ಚೀಲವನ್ನೂ ಕೊಟ್ಟು, ಅಳುತ್ತಲೇ ಹೋದರು. ನಾಮ್‌ವಾನ್ ಅತ್ತಳು, ನರೆಲ್ ಅತ್ತಳು, ಬ್ರೆಂಡನ್ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ಮಗು ಅತ್ತು ಸುಸ್ತಾಗಿ, ಗೋಡೆ ಕಡೆ ತಿರುಗಿ ಮಲಗಿತು.

ಬೆಳಗ್ಗೆ ನರೆಲ್ ಕಣ್ಣು ಬಿಟ್ಟಾಗ ಎರಡು ಕಪ್ಪು ಕಣ್ಣುಗಳು ಅವಳ ಮುಖವನ್ನೇ ಪರಿಶೀಲಿಸುತ್ತಿದ್ದವು. ನಾಮ್‌ವಾನ್ ಬ್ರೆಂಡನ್ ಕಡೆ ತಿರುಗಿ, ನರೆಲ್‌ನತ್ತ ಬೆರಳು ತೋರಿಸಿ ಗಂಭೀರವಾಗಿ ಏನೋ ಹೇಳಿದಳು. ನರೆಲ್ ಗಾಬರಿಯಿಂದ ವಿಪಾಳಿಗೆ ಫೋನ್ ಹಚ್ಚಿ, ಮಗುವಿನ ಬಾಯಿಗೆ ಹಿಡಿದಳು.

"ಈ ಅಮ್ಮ ಎಷ್ಟು ಕುರೂಪಿ ಅಂತಿದ್ದಾಳೆ ಅಕ್ಕಾ," ಎಂದಳು ವಿಪಾ, ಹಿಂಜರಿಯುತ್ತ.

"ಅಮ್ಮ ಅಂದ್ಲಾ?" ನರೆಲ್ ಹಾಸಿಗೆಯ ಮೇಲೆ ಎದ್ದೇ ಕೂತಳು. "ಕೇಳಿದ್ಯಾ ಬ್ರೆಂಡನ್? ನನ್ನನ್ನ ದೆವ್ವ ಎತ್ಕೊಂಡು ಹೋಗ್ಬಾರ್ದಂತೆ. ಅದಕ್ಕೇ ಕುರೂಪಿ ಅಂತಿದ್ದಾಳೆ."

ವಿಪಾ ಫೋನಿನಲ್ಲೇ ಮಗುವನ್ನು ಥಾಯ್‌ನಲ್ಲಿ ಏನೋ ಕೇಳಿ ತಿಳಿದುಕೊಂಡಳು.

"ಅದು ಎಳೆ ಕೂಸುಗಳಿಗೆ ಮಾತ್ರ ಅಕ್ಕಾ. ನಿಮ್ಮ ವಿಷ್ಯದಲ್ಲಿ ಅವಳು ನಿಜವಾಗ್ಲೂ ಹೇಳ್ತಿದ್ದಾಳೆ. ತಲೆ ಬಾಚ್ಕೋಬೇಕಂತೆ."

ಬ್ರೆಂಡನ್ ದಿಂಬಿನಲ್ಲಿ ಮುಖ ಹುದುಗಿಸಿಕೊಂಡ. ಅವನ ಬೆನ್ನು ಕುಲುಕುವುದನ್ನು ಕಂಡು ನಾಮ್‌ವಾನ್ ಕಿಲಕಿಲ ನಕ್ಕಳು. ಆಮೇಲೆ ಚೀಲದಿಂದ ತನ್ನ ಪುಟ್ಟ ಬಾಚಣಿಗೆ ತೆಗೆದು, ಹಾಸಿಗೆ ಹತ್ತಿ, ನರೆಲ್‌ಳ ಹಿಂದೆ ಮಂಡಿಯೂರಿ, ಸಿಕ್ಕುಗಟ್ಟಿದ ಕೂದಲನ್ನು ಇದ್ದ ಬಲವನ್ನೆಲ್ಲ ಹಾಕಿ ಎಳೆಯತೊಡಗಿದಳು. ನರೆಲ್ ನೋವು ತಾಳಲಾರದೆ ಕತ್ತು ಅಲುಗಿಸಿದಳು. ನೆಟ್ಟಗೆ ಕೂತ್ಕೋ ಎನ್ನುವಂತೆ ಭುಜದ ಮೇಲೊಂದು ಏಟು ಬಿತ್ತು.