ಪೆರ್ಲದ ಮಹಡಿಯಲ್ಲಿ ನನ್ನ ಯೋಗದ ಕ್ಲಾಸು

ಹೆಂಗಸೊಬ್ಬಳು ಪೇಟೆಯಲ್ಲಿ ತನ್ನದೇ ಬೋರ್ಡು ಹಾಕಲಿಕ್ಕೆ ಹೊರಟಳೋ, ಆಮೇಲೆ ಅವಳಿಗೆ ತಮಾಷೆಗೆ ಕೊರತೆ ಇಲ್ಲ. ನನಗಂತೂ ಬೋರ್ಡು ಹಾಕುವ ದಿನವೇ ಸುರುವಾಯಿತು.

ಬೋರ್ಡು

ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ ಬಂದು ಒಂದು ವರ್ಷ ಯೋಗ ಕಲಿತಿದ್ದೆ. ಸರ್ಟಿಫಿಕೇಟೂ ಇತ್ತು, ಧೈರ್ಯ ಮಾತ್ರ ಇರಲಿಲ್ಲ. ನಲವತ್ತು ದಾಟಿದವಳು, ಹೊಟ್ಟೆಯೂ ಸ್ವಲ್ಪ ಉಂಟು, ನನ್ನ ಹತ್ತಿರ ಯಾರು ಕಲಿಯುತ್ತಾರೆ? ಆದರೂ ಮಹಡಿಯ ಮೇಲೆ ಒಂದು ಕೋಣೆ ಹಿಡಿದೆ. ನಮ್ಮದು ಗಡಿಯ ಊರಲ್ವಾ, ಬೋರ್ಡು ಬರೆಯುವವನು ಕನ್ನಡ, ಮಲಯಾಳ ಎರಡರಲ್ಲೂ ಚಂದಕ್ಕೆ ಬರೆದು ತಂದ.

“ಎಲ್ಲಿ ಹಾಕುವುದು ಅಕ್ಕ?”

“ಒಳಗೆ, ಬಾಗಿಲ ಹಿಂದೆ.”

“ಒಳಗೆ ಹಾಕಿದರೆ ಯಾರಿಗೆ ಕಾಣ್ತದೆ?”

“ಹೊರಗೆ ಹಾಕಿ ಜನ ಬಂದರೆ ಎಂತ ಮಾಡುವುದು ಮಾರಾಯ?” ಅಂದೆ.

ಬಿಗಿ ಬ್ಲೌಸು

ಆ ಕೋಣೆಯಲ್ಲಿ ಮೊದಲು ಟೈಲರ್ ಇದ್ದ. ಹಾಗಾಗಿ ಮೊದಲ ವಾರ ಮೆಟ್ಟಿಲು ಹತ್ತಿದವರೆಲ್ಲ ಬ್ಲೌಸು ಹಿಡಿದುಕೊಂಡೇ ಬಂದರು. ಅವರಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರು. “ಮೂರು ಬ್ಲೌಸೂ ಬಿಗಿ. ಬಿಚ್ಚಿಸಿ ದೊಡ್ಡದು ಮಾಡಿಸಿದೆ, ಆದರೂ ಕೈ ಎತ್ತಲಿಕ್ಕೆ ಆಗುವುದಿಲ್ಲ” ಅಂದರು.

ನೋಡಿದರೆ ಬ್ಲೌಸು ದೊಗಲೆ! “ಅಕ್ಕ, ಬಿಗಿಯಾದದ್ದು ಬ್ಲೌಸಲ್ಲ, ನಿಮ್ಮ ಭುಜ” ಅಂದೆ. ಇಪ್ಪತ್ತು ವರ್ಷ ಮಡಿಲಲ್ಲಿ ಬೀಡಿ ಎಲೆಯ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ತಲೆ ಬಗ್ಗಿಸಿ ಕೂತ ಭುಜ ಅದು. ಪಾಪ, ಸುಮ್ಮನೆ ಟೈಲರಿಗೆ ಬೈದಿದ್ದರು.

ಅವರೇ ನನ್ನ ಮೊದಲ ಶಿಷ್ಯೆ. ಒಂದು ತಿಂಗಳಲ್ಲಿ ಕೈ ಕಿವಿಯ ವರೆಗೆ ಏರಿತು. ಮರುದಿನವೇ ಮೂರು ಬ್ಲೌಸು ತಂದು ನನ್ನ ಎದುರು ಇಟ್ಟರು. “ಟೀಚರೇ, ನಿಮ್ಮಿಂದಾಗಿ ಇದೆಲ್ಲ ಈಗ ಸಡಿಲ. ನೀವೇ ಹೊಲಿಗೆ ಹಿಡಿಸಿಕೊಡಬೇಕು!”

ಬಗ್ಗಿದ ಟೀಚರು

ಆ ಅಕ್ಕನೇ ಇನ್ನೂ ಐದು ಮಂದಿಯನ್ನು ಕರೆತಂದರು. ಆರು ಜೋಡಿ ಕಣ್ಣು ನನ್ನ ಮೇಲೆ! ಗಡಿಬಿಡಿಯಲ್ಲಿ ಕಾಲ್ಬೆರಳು ಮುಟ್ಟಲು ಹೋದೆ, ಸೊಂಟ ಕಟಕ್ಕೆಂದು ಹಿಡಿಯಿತು. ಏಳಲಿಕ್ಕಾಗಲಿಲ್ಲ. ಮಾನ ಹೋಗಬಾರದಲ್ಲ, ಬಗ್ಗಿಕೊಂಡೇ “ಹೀಗೇ ಇರಬೇಕು, ಉಸಿರು ಬಿಡಿ” ಅಂದೆ. ಎಲ್ಲರೂ ಬಗ್ಗಿದರು, ಬಗ್ಗಿಯೇ ಇದ್ದರು.

ಕೊನೆಗೆ ಬೀಡಿಯ ಅಕ್ಕ, “ಟೀಚರೇ, ನಮಗೆ ಸಾಕಾಯಿತು. ನೀವು ಎದ್ದರೆ ನಾವೂ ಏಳ್ತೇವೆ” ಅಂದರು.

“ನನ್ನನ್ನು ಯಾರಾದರೂ ಎಬ್ಬಿಸಿದರೆ ಏಳ್ತೇನೆ” ಅಂದೆ.

ಎಬ್ಬಿಸಿ, ಸೊಂಟ ತಿಕ್ಕಿ ಗೋಡೆಗೆ ಒರಗಿಸಿದರು. ಒಬ್ಬಳಂತೂ ಖುಷಿಯಲ್ಲಿ, “ಟೀಚರಿಗೂ ಸೊಂಟ ಹಿಡಿಯುತ್ತದೆ! ಇನ್ನು ನನಗೆ ಹೆದರಿಕೆ ಇಲ್ಲಪ್ಪ!” ಅಂದಳು.

ಕೊನೆಯ ಪಾಠ

ಅವಳಿಗೆ ಹೆದರಿಕೆ ಹೋಯಿತು, ನನಗೆ ಇದ್ದ ಚೂರು ಧೈರ್ಯವೂ ಹೋಯಿತು. ತಿಂಗಳ ಕೊನೆಗೆ ಕೋಣೆ ಬಿಟ್ಟುಬಿಡುವುದೆಂದು ಮನೆಯವರಿಗೆ ಹೇಳಿ ಅತ್ತೂ ಆಯಿತು.

ಅದೇ ವಾರ, ಆ ಖುಷಿಯ ಹುಡುಗಿಯ ಅತ್ತೆ, ಮನೆಕೆಲಸ ಬಿಟ್ಟು ಎಂತ ಯೋಗ ಅಂತ, ಸೊಸೆಯನ್ನು ಎಳೆದುಕೊಂಡು ಹೋಗಲಿಕ್ಕೆಂದೇ ಬಂದರು. ನಾವು ಕ್ಲಾಸಿನ ಕೊನೆಗೆ ಶವಾಸನದಲ್ಲಿದ್ದೆವು. ಬಾಗಿಲು ತೆರೆದರೆ ಏಳು ಹೆಂಗಸರು ಕಣ್ಣು ಮುಚ್ಚಿ, ಕೈಕಾಲು ಚೆಲ್ಲಿ ಬಿದ್ದಿದ್ದಾರೆ!

“ಅಯ್ಯೋ ದೇವರೇ, ಎಲ್ಲ ಹೋದರಾ!” ಅಂತ ಬೊಬ್ಬೆ ಹಾಕಿದರು. ಕೆಳಗಿನ ಅಂಗಡಿಯವರು ಓಡಿ ಬಂದರು. ಏಳು ಹೆಣವೂ ದಡಬಡ ಎದ್ದು ಕೂತವು.

“ಎಂತ ಮಾಡ್ತಿದ್ದಿರಿ?” ಅತ್ತೆ ಏದುಸಿರು ಬಿಡುತ್ತಾ ಕೇಳಿದರು.

“ಎಂತದೂ ಇಲ್ಲಮ್ಮ. ಸುಮ್ಮನೆ ಮಲಗುವುದು” ಅಂದೆ.

“ಹಗಲು ಹೊತ್ತಿಗೆ? ಯಾರೂ ಕರೆಯುವುದಿಲ್ವಾ?”

“ಇಲ್ಲ.”

ಬೈಗುಳ ಬರುತ್ತದೆಂದು ಕಾದೆ. ಅವರು ಮೆಲ್ಲನೆ ಗೋಡೆ ಹಿಡಿದು ಕೂತರು. “ಮದುವೆಯಾಗಿ ಬಂದು ನಲವತ್ತು ವರ್ಷ. ಜ್ವರ ಬಂದದ್ದು ಬಿಟ್ಟರೆ ಹಗಲು ಬೆನ್ನು ನೆಲಕ್ಕೆ ತಾಗಿಸಿದವಳಲ್ಲ ನಾನು.”

ಇಂಥವರಿಗೆ ಒಂದು ಚಾಪೆ ಹಾಸಿಕೊಡಲಿಕ್ಕೆ ನನಗೆ ಬರುತ್ತದಲ್ಲ, ಇನ್ನೆಂತ ಬೇಕು? ಕೋಣೆ ಬಿಡುವುದಿಲ್ಲ ಅಂತ ಆಗಲೇ ನಿಶ್ಚಯ ಮಾಡಿದೆ. ಚಾಪೆ ಹಾಸಿದೆ. ಎರಡೇ ನಿಮಿಷದಲ್ಲಿ ಗೊರಕೆ.

ಅರ್ಧ ಗಂಟೆ ಕಳೆಯಿತು. ಸೊಸೆಗೆ ತಳಮಳ. “ಅತ್ತೆ, ಏಳಿ. ಮನೆಯಲ್ಲಿ ಮಾವ ಊಟಕ್ಕೆ ಕಾಯ್ತಿದ್ದಾರೆ.”

ಅತ್ತೆ ಕಣ್ಣು ಬಿಡಲಿಲ್ಲ. “ಅವರೇ ಬಡಿಸಿಕೊಳ್ಳಲಿ. ನನಗೆ ಕ್ಲಾಸು ಉಂಟು.”